ಭಾನುವಾರದ ಬಿಲ್ಲೆ

ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡರೆ
ಪ್ರತಿ ಭಾನುವಾರ ನಾನು
ಹಳೇ ದಾವಣಗೆರೆಯ
ಹತ್ತಿ ಸಾಹುಕಾರರ ಮನೆಯವಳು.

"ಇದು ಬರ್ಮಾ ತೇಗ. ಇದು ಬೆಲ್ಜಿಯಂ ಕನ್ನಡಿ,
ದಯವಿಟ್ಟು ಮುಟ್ಟಬೇಡಿ."
ಮುಟ್ಟುತ್ತಾರೆ.
ಸಂಜೆ ಬೆರಳಚ್ಚು ಒರೆಸುವಾಗ
ನನ್ನದೂ ಒಂದು ಸಿಗುತ್ತದೆ.

ಇವತ್ತು ಹರಿಹರದ ಶಾಲೆ ಹುಡುಗಿ:
"ಆಂಟಿ, ಇವರು ಕಕ್ಕಸಿಗೆ ಎಲ್ಲಿ ಹೋಗ್ತಿದ್ರು?"
ಕೈಪಿಡಿ ತಿರುವಿದೆ. ಹದಿನಾರು ಪುಟ,
ಬೆಳ್ಳಿ ತೊಟ್ಟಿಲ ತೂಕವೂ ಇದೆ.
ಇದಿಲ್ಲ.

ಹಿತ್ತಿಲ ತೋಟದಲ್ಲಿ ಪೈಪು ಹಿಡಿದ ದುರುಗಪ್ಪ
ನಗದೆ ತೋರಿಸಿದ:
"ಆ ದಾಳಿಂಬೆ ಬುಡದಾಗಿತ್ತು.
ನಮ್ಮಜ್ಜಿ ಈ ಗ್ವಾಡೆಗುಂಟ ಬರೋಳು,
ಬುಟ್ಟಿ ಹೊತ್ಕೊಂಡು."

ಹುಡುಗಿ ಬರೆದುಕೊಂಡಳು: ದಾಳಿಂಬೆ. ಅಜ್ಜಿ.

ಕೈಪಿಡಿಯ ಖಾಲಿ ಬೆನ್ನಿಗೆ ಪೆನ್ನಿಟ್ಟು
ನಾನು ಕೇಳಿದೆ,
"ಅಜ್ಜಿ ಹೆಸರೇನು, ದುರುಗಪ್ಪ?"

ನೀರು ಹರಿಯುತ್ತಲೇ ಇತ್ತು
ಒಂದೇ ಬುಡಕ್ಕೆ.