ನಡುವೆ ಒಂದು ಗೀಟು

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಿಂದ ತಂದ ಹಳೇ ತೂಕದ ಪುಸ್ತಕ,
ಅರ್ಧ ಹಾಳೆ ಇನ್ನೂ ಖಾಲಿ.
ನಡುವೆ ಗೀಟು ಎಳೆದೆ.
ಈ ಕಡೆ ಸಿಂಚನ, ಒಂಬತ್ತು ವರ್ಷ.
ಆ ಕಡೆ ನಾನು, ನಲವತ್ತೊಂದು.
ಔಷಧಿ ಒಂದೇ, ಅಂಗಿ ಎರಡು:
ಅವಳಿಗೆ ಬೆಳಗಿನ ಕ್ಯಾಪ್ಸೂಲು, ಸಂಜೆವರೆಗೆ ಮೆಲ್ಲಗೆ ಬಿಚ್ಚಿಕೊಳ್ಳುವುದು;
ನನಗೆ ಬಿಳೀ ಮಾತ್ರೆ, ದಿನಕ್ಕೆರಡು, ಅಗ್ಗದ್ದು.

ಮೈಗೆ ಏನೇನಾಯಿತು ಬರೆದು ತನ್ನಿ ಅಂದಿದ್ದರು
ಚಿಕ್ಕಬಳ್ಳಾಪುರದ ಡಾಕ್ಟರಮ್ಮ.
ಮಗಳ ಚೀಟಿ ಬರೆಯುತ್ತ ಬರೆಯುತ್ತ ನನ್ನ ಕಾಲು ನೋಡಿ
(ಟೇಬಲ್ಲಿನಡಿ ಅದು ಹೊಲಿಗೆ ಮಿಷನ್ನು ತುಳಿಯುತ್ತಿತ್ತು)
ನೀವೂ ಚಿಕ್ಕಂದಿನಿಂದ ಹೀಗೇನಾ, ಎಂದು ಕೇಳಿದವರು.

ಸೋಮವಾರ. ಅವಳ ಡಬ್ಬಿ ಹೋದ ಹಾಗೇ ವಾಪಸ್ಸು.
ಚಿತ್ರಾನ್ನದ ಮೇಲೆ ಒಂದು ಬೆರಳಿನ ಗುರುತು, ಅಷ್ಟೇ.
ನನಗೆ ಹಸಿವಿತ್ತು. ನಾಲಿಗೆ ಮಾತ್ರ ಒಣಗಿ
ಅಂಗುಳಕ್ಕೆ ಅಂಟಿತ್ತು ಅಂಚೆಚೀಟಿಯ ಹಾಗೆ.

ಮಂಗಳವಾರ, ಬೆರಳು ತಣ್ಣಗಿವೆ ಅಂದಳು.
ಹಿಡಿದು ನೋಡಿದೆ, ನನ್ನವೂ.
ಯಾರದು ಹೆಚ್ಚು ತಣ್ಣಗೆ ಅನ್ನಲು ಮೂರನೆಯ ಕೈ ಬೇಕಿತ್ತು.
ದಿನವಿಡೀ ಫಿಲೇಚರಿನ ಬಿಸಿನೀರಲ್ಲಿ ಎಳೆ ಹುಡುಕಿ
ಬೆಂದ ಕೈಯಲ್ಲಿ ಅವರಪ್ಪ ಇಬ್ಬರದೂ ಹಿಡಿದು
ಜೋಡಿಯಾಗಿ ಕುಲ್ಫಿ ಮಾರಿ, ಅಂದ.

ಬುಧವಾರ ನನ್ನ ಎದೆ.
ಲಾಟಿನ ತೂಕ ಕೂಗುತ್ತಿದ್ದಾಗ ಸುಮ್ಮಸುಮ್ಮನೆ
ಯಾರೋ ಒಳಗಿನಿಂದ ಬಾಗಿಲು ಬಡಿದ ಹಾಗೆ.
ಗೋಡೆ ಗಡಿಯಾರ ನೋಡುತ್ತ ಎಣಿಸಿದೆ: ನೂರ ಎಂಟು.
ಅವಳದು ತೊಂಬತ್ತು. ಮಕ್ಕಳಿಗೆ ಅಷ್ಟು ಇರುತ್ತದಂತೆ.
ಹೆದರಿಕೆಯನ್ನು ಯಾವ ಕಾಲಮ್ಮಿಗೆ ಹಾಕಲಿ,
ತಿಳಿಯದೆ ಗೀಟಿನ ಮೇಲೇ ಬರೆದೆ.

ಬರೆಯದೆ ಬಿಟ್ಟದ್ದೂ ಉಂಟು.
ಮೊದಲ ಮಾತ್ರೆಯ ಮಧ್ಯಾಹ್ನ
ನೆನೆಹಾಕಿದ ಎರಡು ಕೇಜಿ ಅವರೆಕಾಳನ್ನು
ಕೂತಲ್ಲೇ ಹಿತುಕಿ ಮುಗಿಸಿದೆ. ಏಳಲಿಲ್ಲ.
ಸಿಪ್ಪೆಯಿಂದ ಜಾರಿದ ಕಾಳು ಪಾತ್ರೆಗೆ ಬೀಳುವ ಸದ್ದು
ಈ ಜನ್ಮದಲ್ಲಿ ಮೊದಲ ಸಲ ಒಂದೊಂದಾಗಿ ಕೇಳಿತು.
ಒಲೆ ಮೇಲಿನ ಹಾಲು ಉಕ್ಕಲಿಲ್ಲ.
ಅತ್ತೆ ಎರಡು ಸಲ ಬಂದು ಇಣುಕಿ ಹೋದರು.
ಸೋಂಬೇರಿ, ಅರೆಬರೆ, ಮರೆಗುಳಿ, ನನಗಿಟ್ಟ ಹೆಸರುಗಳೆಲ್ಲ
ಸಿಪ್ಪೆಯ ರಾಶಿಯಲ್ಲಿ ಬಿದ್ದಿದ್ದವು.
ಇದನ್ನು ತೊಂದರೆ ಅನ್ನುವ ಹಾಗಿಲ್ಲ.
ಆಮೇಲೆ ಅತ್ತದ್ದನ್ನು ಅನ್ನಬಹುದೇನೋ.

ಐದಕ್ಕೆ ನನ್ನದು ಇಳಿಯುತ್ತದೆ, ದವಡೆ ಬಿಗಿದು
ಹುಬ್ಬಿನ ಮೇಲೆ ಮೊಳೆ ಹೊಡೆದ ನೋವು.
ಅವಳದು ಆರೂವರೆಗೆ. ಪೆನ್ಸಿಲಿನ ಮೊನೆ ಮುರಿದರೆ ಸಾಕು, ಊರಿಗೇ ಕೇಳುವ ಅಳು.
ನಡುವಿನ ಒಂದೂವರೆ ಗಂಟೆ
ನಾವು ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ.

ತಿಂಗಳಿಗೆ ಎಂಟುನೂರು ಗ್ರಾಂ ಕಡಿಮೆಯಾದಳು.
ಊರವರ ಗೂಡು ತೂಗುವವಳಿಗೆ ಗೊತ್ತು ಅದು ಎಷ್ಟೆಂದು:
ನಾನೂರೈವತ್ತು ಗೂಡು, ಹೆಚ್ಚುಕಡಿಮೆ.
ತೌರಿನ ಹುಳುಮನೆಯಲ್ಲಿ, ನಾಲ್ಕನೇ ಜ್ವರ ಎದ್ದ ಮೇಲೆ
ಹಗಲೂ ರಾತ್ರಿ ಮೇಯ್ದ ಹುಳು ಒಂದು ದಿನ ಸೊಪ್ಪು ಬಿಟ್ಟರೆ
ಹಣ್ಣಾಯಿತು ಅಂತ ಚಂದ್ರಿಕೆಗೆ ಬಿಡುತ್ತಿದ್ದೆವು.
ಸೊಪ್ಪು ಬಿಟ್ಟದ್ದೆಲ್ಲ ಹಣ್ಣಲ್ಲ, ರೋಗದ ಹುಳುವೂ ಬಿಡುತ್ತದೆ.
ಮೊದಲ ದಿನ ಎರಡೂ ಒಂದೇ ಥರ ಕಾಣುತ್ತವೆ,
ಅಪ್ಪ ಬೆಳಕಿಗೆ ಹಿಡಿದು ಹಿಡಿದು ನೋಡುತ್ತಿದ್ದ.
ಹಾಗೆ ನೋಡುತ್ತೇನೆ ಇವಳು ಮಲಗಿದಾಗ.

ಇವತ್ತು ಮಲಗಿಲ್ಲ. ಹತ್ತೂಮುಕ್ಕಾಲು.
ಕತ್ತಲಲ್ಲಿ ಪಿಸುಮಾತು: ಅಮ್ಮ, ನಿನಗೂ ಬಂತಾ?
ಬಂತು ಕಣೆ.
ಅಡುಗೆಮನೆ ದೀಪ, ಸಂಜೆಯ ಮುದ್ದೆ, ಬಿಸಿಮಾಡಿದ ಹಿತಕಬೇಳೆ ಸಾರು.
ಹಗಲೆಲ್ಲ ಎಲ್ಲೋ ಅಲೆದು ಬಂದ ಎರಡು ಹಸಿವು
ಒಂದೇ ತಟ್ಟೆಗೆ ಕೂತವು.
ಉಂಡು, ಸಾರಿನ ಕೈಯಲ್ಲೇ ಪುಸ್ತಕ ಎಳೆದುಕೊಂಡು
ಗೀಟು ಗೀಟು ಅನ್ನದೆ
ಈ ತುದಿಯಿಂದ ಆ ತುದಿವರೆಗೆ ಬರೆದಳು:

ಉಪ್ಪು ಜಾಸ್ತಿ.

ನಿಜ. ಎರಡು ಸಲ ಹಾಕಿದ್ದೆ.