ಸ್ಲೈಡ್ ನಂಬರ್ ನಲವತ್ತೊಂದು

ಬೆಳಗಿನ ಮೊದಲ ಕಫ, ಬಿಗಿ ಮುಚ್ಚಳದ ಡಬ್ಬಿ.
ಪೀರಾಂಬಿ, ಐವತ್ತಾರು, ಬಾಷಾನಗರ.
ಉದ್ಯೋಗದ ಕಾಲಮಿನಲ್ಲಿ ಕೌಂಟರಿನ ಹುಡುಗ
ಕೇಳದೆಯೇ ಬರೆದಿದ್ದಾನೆ: ಮನೆಗೆಲಸ.

ಗಾಜಿಗೆ ಸವರಿ, ಬಣ್ಣ ಕುಡಿಸಿ, ಒಣಗಿಸಿ
ಕಣ್ಣಿಟ್ಟೆ.
ನಲವತ್ತರ ಮಸೂರದಡಿ ಬಂದರು ಅವರು.
ಭಕ್ಷಕಕೋಶ ಅನ್ನುತ್ತದೆ ಪುಸ್ತಕ,
ನನಗೆ ಮಾತ್ರ ಹೆಣ ಎತ್ತುವವರು.

ಎದೆಯೊಳಗೆ ದಿನಕ್ಕೆಷ್ಟು ಸಾವೋ, ಸೂತಕ ಹಿಡಿದವರಿಲ್ಲ.
ಮರ್ಯಾದೆಯಿಂದ ಸಾಯುವ ಕೋಶ ಸದ್ದು ಮಾಡುವುದಿಲ್ಲ:
ತನ್ನ ಸಾಮಾನು ತಾನೇ ಗಂಟು ಕಟ್ಟಿ,
ಅಂಗಿಯ ಒಳಮೈ ಹೊರಗೆ ಮಾಡಿಕೊಂಡು
ಬಾಗಿಲಲ್ಲಿ ನಿಲ್ಲುತ್ತದೆ.
ಜೀವವಿದ್ದಷ್ಟು ದಿನ ಒಳಗೇ ಇದ್ದ
ಒಂದು ಕೊಬ್ಬಿನ ಎಳೆ ಈಗ ಹೊರಗೆ,
ಅಷ್ಟೇ ಗುರುತು.
ಎತ್ತುವವರು ಬಂದು ತಡವಿ ನೋಡುತ್ತಾರೆ.
ಪಕ್ಕದವರು ಕೈ ಅಡ್ಡ ಹಿಡಿಯುತ್ತಾರೆ,
ನಾನಲ್ಲ, ನಾನಿನ್ನೂ ಇದ್ದೀನಿ.
ಅವರನ್ನು ಬಿಟ್ಟು ತಿರುವಿದ ಅಂಗಿಯವನನ್ನೇ
ತಬ್ಬಿ ಒಳಗೆ ತೆಗೆದುಕೊಳ್ಳುತ್ತಾರೆ.
ಉರಿಯಿಲ್ಲ, ಬಾವಿಲ್ಲ.
ಕಳಚಿದ್ದು ಇನ್ಯಾರದೋ ಗೋಡೆಗೆ ಇಟ್ಟಿಗೆ.

ತಡವಾದರೆ ಮಾತ್ರ ಗಂಟು ಒಡೆಯುತ್ತದೆ.
ಒಡೆಯುವುದು ಹೇಗೆಂದು ದಾವಣಗೆರೆಗೆ ಹೇಳಬೇಕೇ?
ಕಾದ ಮರಳಿಗೆ ಬಿದ್ದ ಅಕ್ಕಿ
ಚಟಚಟ ಅರಳಿ ಮಂಡಕ್ಕಿಯಾಗುತ್ತದಲ್ಲ,
ಹಾಗೆ.
ಭಟ್ಟಿಯಲ್ಲಿ ಅದಕ್ಕೆ ಸೇರಿಗಿಷ್ಟು ಅಂತ ಬೆಲೆ.
ಎದೆಯಲ್ಲಿ ಒಡೆದದ್ದು
ಸುತ್ತಲಿನವರನ್ನೆಲ್ಲ ಸುಡುತ್ತದೆ.

ಪೀರಾಂಬಿಯ ಸ್ಲೈಡಿನಲ್ಲಿ
ಎತ್ತುವವರ ಹೊಟ್ಟೆ ತುಂಬ ಮಸಿ.
ಹೊಟ್ಟು ಸುಟ್ಟದ್ದು, ಹಳೇ ಟೈರು ಸುಟ್ಟದ್ದು,
ಮೂವತ್ತು ವರ್ಷ ನಸುಕಿನ ನಾಲ್ಕಕ್ಕೆ
ಒಲೆಬಾಯಿಗೆ ಕೂತು ಕುಡಿದದ್ದು.
ಅರಗುವುದಿಲ್ಲ, ಉಗುಳಲೂ ಬರುವುದಿಲ್ಲ.
ಕೂತಲ್ಲೇ ಕೂತಿದ್ದಾರೆ ಪಾಪ,
ಸುತ್ತ ಕುಗ್ಗಿದವರು ಕಾದಿದ್ದಾರೆ,
ಕೆಲವರು ಆಗಲೇ ಒಡೆದಿದ್ದಾರೆ.

ಹನ್ನೊಂದಕ್ಕೆ ಬಂದಳು, ಸೆರಗಿನ ತುದಿ ಬಾಯಿಗೊತ್ತಿ.
'ಕ್ಯಾನ್ಸರ್ ಐತೇನ್ರಿ ಮೇಡಂ?'
'ಇಲ್ಲಮ್ಮ.'
'ಹಂಗಾದ್ರೆ ಏನೂ ಇಲ್ಲ ಅನ್ರಿ' ಅಂತ ನಕ್ಕಳು.
ನಕ್ಕದ್ದು ಕೆಮ್ಮಾಯಿತು,
ಕೆಮ್ಮು ಮೆಟ್ಟಿಲಿಳಿದು ರಸ್ತೆ ದಾಟುವವರೆಗೂ ಕೇಳಿಸಿತು.

ವರದಿಯಲ್ಲಿ ಒಂದೇ ಸಾಲಿಗೆ ಜಾಗ:
ಮಸಿ ತುಂಬಿದ ಭಕ್ಷಕಕೋಶಗಳು. ಕೆಟ್ಟ ಕೋಶ ಕಂಡಿಲ್ಲ.
ಪೆನ್ನು ಮೇಲಕ್ಕೊಯ್ದು
ಮನೆಗೆಲಸ ಹೊಡೆದುಹಾಕಿ
ಮಂಡಕ್ಕಿ ಭಟ್ಟಿ ಎಂದು ಬರೆದೆ.

ಸಹಿಗೆ ಮುಂಚೆ ಡಾಕ್ಟರ್ ಕನ್ನಡಕ ಏರಿಸಿದರು:
ಇದ್ಯಾಕೆ ತಿದ್ದಿದ್ದು?
ಗುರುತು ಸಿಗಲಿ ಅಂತ ಸಾರ್, ಅಂದೆ.