ದಾವಲಸಾಬರ ದಿನಕ್ಕೊಂದು ಶಬ್ದ

ಖಾನಾಪುರದ ಕಾಡಿಗೆ ಹೋದ ಟ್ರಿಪ್ಪಿನಲ್ಲಿ
ಯಾರದೋ ಬುತ್ತಿಚೀಲ ಹತ್ತಿ
ಟಿಕೀಟಿಲ್ಲದೆ ಜಮಖಂಡಿಗೆ ಬಂದಿಳಿದದ್ದು ಇದು.
ಈಗ ನಮ್ಮ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ,
ಬಿರುಕುಬಿಟ್ಟ ಮೀನಿನ ತೊಟ್ಟಿಯಲ್ಲಿ,
ಪೇರಲ ಎಲೆ ತಿಂದುಕೊಂಡಿದೆ.

ಅಟೆಂಡರ್ ದಾವಲಸಾಬರು ದಿನಾ ಎಲೆ ತರುತ್ತಾರೆ,
ದಿನಾ ಒಂದು ಶಬ್ದ ಕೇಳುತ್ತಾರೆ.
ಹುಡುಗರು ಬಾಯಿಪಾಠ ಮಾಡುವುದನ್ನು
ಕೇಳುತ್ತ ಕೇಳುತ್ತ ಇಪ್ಪತ್ತಾರು ವರ್ಷ ನೆಲ ಒರೆಸಿದವರು.
"ಹೆಸರಂದ್ರ ಏನರ ಅರ್ಥ ಇರಬೇಕಲ್ರಿ ಮೇಡಂ,
ಸುಮ್ನ ಯಾರ ಇಡ್ತಾರ?"

ಫ್ಯಾಸ್ಮಿಡ್, ಅಂದೆ.
ಗ್ರೀಕರ ಫ್ಯಾಸ್ಮಾ: ಕಂಡಂತಾಗಿ ಕಾಣದ್ದು, ಭೂತ.
ಗಾಜಿಗೆ ಮೂಗು ತಾಗಿಸಿ ಬಹಳ ಹೊತ್ತು ಹುಡುಕಿದರು.
"ಕಾಣೂದ ಇಲ್ಲ. ಬರೋಬ್ಬರಿ ಇಟ್ಟಾರ ಬಿಡ್ರಿ."

ಇನ್ಸೆಕ್ಟ್ ಅಂದರೆ ಕಚ್ಚು ಹಾಕಿದ್ದು.
"ಕಬ್ಬಿನ ಗಣಿಕಿ ಹಂಗ?"
ಹಾಗೇ.

ಆಂಟೆನಾ ಅಂದದ್ದೇ ನನಗೆ ಮಾಳಿಗೆ ನೆನಪಾಯಿತು,
ಅಲ್ಯೂಮಿನಿಯಂ ಹಂದರ ತಿರುಗಿಸುತ್ತ
"ಬಂತೇನ? ಬಂತೇನ?" ಎಂದು ಕೂಗುವ ಅಪ್ಪ.
ಅದಕ್ಕೂ ಹಿಂದೆ ಅದು ಹಡಗಿನ ಅಡ್ಡಗೋಲು, ಹಾಯಿ ಕಟ್ಟುವುದು.
ಗ್ರೀಕಿನಲ್ಲಿ ಬರೀ ಕೊಂಬು ಅಂತಿತ್ತು.
ಲ್ಯಾಟಿನ್ನಿಗೆ ತಂದ ಯಾವನೋ
ಹಡಗನ್ನೇ ಎತ್ತಿ ಹುಳದ ನೆತ್ತಿಗಿಟ್ಟ.
ಕೃಷ್ಣೆಯ ದೋಣಿ ಬಿಟ್ಟರೆ ಬೇರೆ ಕಾಣದವರು ನಾವಿಬ್ಬರೂ.
ಫ್ಯಾನು ಹಾಕಿದೆವು.
ಗಾಳಿಗೆ ಮೈ ಬಿಟ್ಟು
ಅದು ಮೆಲ್ಲಗೆ ಆಚೆ ಈಚೆ ತೂಗಿತು.

ಮೋಲ್ಟ್ ಅಂದರೆ ಬದಲಾಗುವುದು, ಪೊರೆ ಬಿಡುವುದು.
ಆ ಶಬ್ದವೂ ಮೊದಲು ಹೀಗಿರಲಿಲ್ಲ;
ಬೇರೆ ಶಬ್ದಗಳನ್ನು ನೋಡಿ
ನಡುವೆ ಒಂದು ಲ ಸೇರಿಸಿಕೊಂಡಿತು,
ಯಾರೂ ಕೇಳಿರಲಿಲ್ಲ.

ನಿಂಫ್ ಅಂದರೆ ಮದಲಗಿತ್ತಿ.
"ಗಂಡ ಎಲ್ಲದಾನ?"
ಇಲ್ಲ. ಇದಕ್ಕೆ ಗಂಡು ಬೇಕಿಲ್ಲ,
ತಾನೇ ತತ್ತಿ ಇಡುತ್ತದೆ, ಮರಿಯೆಲ್ಲ ಹೆಣ್ಣು.
ಅದಕ್ಕೊಂದು ಮಾರುದ್ದದ ಶಬ್ದವಿದೆ,
ಬಿಡಿಸಿದರೆ ಕನ್ನೆಹುಟ್ಟು.
"ಗಂಡಿಲ್ಲದ ಸಂಸಾರ ಸಸಾರ ಬಿಡ್ರಿ," ಅಂದವರು
ನನ್ನ ಬರಿಗೊರಳು ನೆನಪಾಗಿ
ಕಸಬರಿಗೆ ಹುಡುಕಲು ಹೋದರು.
ನಾನು ಆಮೇಲೆ, ಒಬ್ಬಳೇ ಇದ್ದಾಗ, ನಕ್ಕೆ.

ಸ್ಟಿಕ್ ಮಾತ್ರ ಅವರೇ ಹೇಳಿದರು.
"ಕಡ್ಡಿ. ಅದಕ್ಕ ಡಿಕ್ಷನರಿ ಯಾಕ?"
ಕಡ್ಡಿ ಮುರಿದಂತೆ ಮಾತಾಡುವ ಪ್ರಿನ್ಸಿಪಾಲರು,
ಕಡ್ಡಿ ಆಡಿಸುವ ಕ್ಲಾರ್ಕು,
ಕಡ್ಡಿಯನ್ನು ಗುಡ್ಡ ಮಾಡುವ ನಮ್ಮ ಸ್ಟಾಫ್‌ರೂಮು.
ಹಳೆಯ ಇಂಗ್ಲಿಷಿನಲ್ಲಿ ಅದರ ಬೇರು ಚುಚ್ಚುವುದು ಎಂದು
ಹೇಳಬೇಕೆಂದಿದ್ದೆ. ಬಿಟ್ಟೆ.

ಗುರುವಾರ ಸಂಗನಬಸು ಕಾಲು ಹಿಡಿದೆಳೆದ.
ಕಾಲು ಅವನ ಕೈಯಲ್ಲೇ ಉಳಿಯಿತು,
ಹುಳ ಐದು ಕಾಲಲ್ಲಿ ಎಲೆಯ ಹಿಂದೆ ಸರಿಯಿತು.
ಆಟೋಟಮಿ ಅಂದೆ, ತನ್ನನ್ನು ತಾನೇ ಕಡಿದುಕೊಳ್ಳುವುದು.
ದಾವಲಸಾಬರ ಎಡಗೈ ಮೇಜಿನ ಮೇಲಿತ್ತು.
ಎರಡು ಬೆರಳು ಬನಹಟ್ಟಿಯ ಪವರ್‌ಲೂಮಿನಲ್ಲಿ ಉಳಿದಿವೆ,
ಅವರಿಗಾಗ ಹದಿನೇಳು.
"ತಿರುಗಿ ಬರ್ತದೇನ್ರಿ?"
ಮರಿಯಾಗಿದ್ದರೆ ಬರುತ್ತದೆ,
ಪೊರೆ ಬಿಡುವಾಗ, ಒಂಚೂರು ಗಿಡ್ಡ.
ಬೆಳೆದು ಮುಗಿದ ಮೇಲೆ ಇಲ್ಲ.
"ಹೌದಾ," ಅಂದರು. ಅಷ್ಟೇ.
ಅವತ್ತಿನ ಶಬ್ದಕ್ಕೆ ಮತ್ತೆ ಏನೂ ಕೇಳಲಿಲ್ಲ.

ಮಳೆಗಾಲದ ರಜೆ ಮುಗಿಸಿ ಬಂದಾಗ
ತೊಟ್ಟಿಯಡಿಯ ಪೇಪರಿನ ಮೇಲೆ ಟಪ್, ಟಪ್,
ಮೂಲಂಗಿ ಬೀಜದಂಥವು.
ಮೊದಲ ಎರಡು ದಿನ ಗುಡಿಸಿ ಚೆಲ್ಲಿದ್ದೇನೆಂದು
ದಾವಲಸಾಬರು ಅಪರಾಧಿಯಂತೆ ನಿಂತಿದ್ದರು.
ಉಳಿದವನ್ನು ಮೂರೇ ಬೆರಳಲ್ಲಿ ಆರಿಸಿ
ಬೆಂಕಿಪೆಟ್ಟಿಗೆಯಲ್ಲಿ ತುಂಬಿದ್ದರು, ಹತ್ತಿ ಹಾಸಿ.
ತಾಯಿ ಪೇರಲ ಟೊಂಗೆಯಲ್ಲೇ ಒಣಗಿತ್ತು;
ಎಂದು ಸತ್ತಿತೋ ಇಬ್ಬರಿಗೂ ತಿಳಿಯಲಿಲ್ಲ,
ಸತ್ತಂತಿರುವುದೇ ಅದರ ಕಸುಬು.

"ಇಂಗ್ಲೀಷಿನ್ಯಾಗ ಒಂದು ಚೀಟಿ ಬರೀರಿ," ಅಂದರು.
ಕುಲ, ತಾರೀಖು, ಊರು ಬರೆದು ಅಂಟಿಸಿದೆ.
ಮರುದಿನ ಅದರ ಕೆಳಗೆ
ನೀಲಿ ಪೆನ್ನಿನ ದೊಡ್ಡ ದೊಡ್ಡ ಅಕ್ಷರ:

ಒಳಗ ಕಡ್ಡಿ ಇಲ್ಲ, ಜೀವ ಅದಾವ.
ಗೀರಬ್ಯಾಡ್ರಿ.